ಮೂವತ್ತಮೂರನೇ ಪ್ರಶ್ನೆ

ಸ್ನಾನ ಮಾಡಿಸಿ ಹೊಸ ಅಂಗಿ ತೊಡಿಸಿದ ಮೇಲೆ, ಹಳೆ ಅಂಗಿಯ ಜೇಬಿನಲ್ಲಿದ್ದ ಕೆಂಪು ಪೆನ್ನನ್ನು ಮರುಳಪ್ಪ ಕಿಟಕಿಯಲ್ಲಿಡಲು ಹೋದ. ಗೋಡೆಗೊರಗಿ ಕೂತಿದ್ದ ಅತ್ತಿಗೆ ಪ್ರಮೀಳಾ ತಡೆದಳು.

"ಅಲ್ಲಿಡಬ್ಯಾಡ. ನಿಮ್ಮಣ್ಣನ ಜೇಬಿಗೇ ಹಾಕು."

"ಈಗ್ಯಾಕೆ ಪೆನ್ನು, ಅತ್ತಿಗೆ?"

"ಪೆನ್ನಿಲ್ಲದೆ ಅವರು ಚಾ ಕುಡಿಯಾಕೂ ಹೊರಗೆ ಹೋದೋರಲ್ಲ."

ಮರುಳಪ್ಪ ಪೆನ್ನನ್ನು ಹೊಸ ಜೇಬಿಗೆ ಸಿಕ್ಕಿಸಿದ. ಅಣ್ಣ ಪಂಚಾಕ್ಷರಪ್ಪನ ದೇಹವನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿದರು. ಜಗಳೂರಿನಿಂದ ಅಕ್ಕ ಬರಬೇಕಿತ್ತು. ಮಣ್ಣು ಸಂಜೆ ನಾಲ್ಕಕ್ಕೆಂದು ಹಿರಿಯರು ಹೇಳಿದರು.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಮನೆಯ ಮುಂಗೋಣೆಯೇ ಪಂಚಾಕ್ಷರಪ್ಪನ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಮಂಡಿಯ ಬಿಲ್ ಬುಕ್ಕು ಯಾರು ಬೇಕಾದರೂ ಮಾಡುತ್ತಾರೆ. ಗಣಿತದ ಪ್ರಶ್ನೆಪತ್ರಿಕೆ ಮಾತ್ರ ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೇಷ್ಟ್ರುಗಳೂ ಇವನಿಗೇ ತಂದುಕೊಡುತ್ತಿದ್ದರು. ಭಿನ್ನರಾಶಿಯ ತಲೆ ಮೇಲಿನ ಸಾಲಿಗೆ ತಾಗದಂತೆ ಸಾಲಿನ ನಡುವೆ ಧಾರಾಳವಾಗಿ ಜಾಗ ಬಿಡುತ್ತಿದ್ದ. ಕಾಗದ ದಂಡವೆಂದು ಗೊಣಗಿದರೆ, "ಲೆಕ್ಕಕ್ಕೂ ಉಸಿರಾಡಾಕೆ ಜಾಗ ಬೇಕ್ರೀ" ಎನ್ನುತ್ತಿದ್ದ. ಪ್ರತಿ ಪ್ರಶ್ನೆಯನ್ನೂ ತಾನೇ ಬಿಡಿಸಿ ಕೆಂಪು ಟಿಕ್ ಹಾಕದೆ ಒಂದು ಹಾಳೆಯನ್ನೂ ಹೊರಗೆ ಕೊಡುತ್ತಿರಲಿಲ್ಲ. ಗುಟ್ಟಿನಲ್ಲಂತೂ ಕಲ್ಲು. ಪ್ರಶ್ನೆಪತ್ರಿಕೆ ಮನೆಯಲ್ಲೇ ಮಲಗಿದ್ದರೂ ಸ್ವಂತ ಮಗಳು ವಾಣಿಶ್ರೀ ಗಣಿತದಲ್ಲಿ ಮೂವತ್ತೆಂಟು ತೆಗೆದು, ಅಪ್ಪನೊಂದಿಗೆ ಒಂದು ವಾರ ಮಾತು ಬಿಟ್ಟಿದ್ದಳು.

ಹನ್ನೊಂದು ಗಂಟೆಗೆ ಹೊನ್ನಾಳಿಯ ಗಣಿತದ ಮೇಷ್ಟ್ರು ರೇಣುಕಪ್ರಸಾದ್ ಬಂದರು. ಹಾರ ಹಾಕಿ ಕೈಮುಗಿದ ಮೇಲೂ ಹೋಗಲಾರದೆ ನಿಂತರು.

"ಏನ್ರಿ ಮೇಷ್ಟ್ರೇ?" ಎಂದಳು ಪ್ರಮೀಳಾ.

"ಹೇಳಾಕೇ ನಾಚಿಕೆ ಆಗ್ತೈತಮ್ಮ. ನಾಳೆ ನಮ್ಮ ಸ್ಕೂಲಿನ ಹತ್ತನೇ ಕ್ಲಾಸಿನ ಪರೀಕ್ಷೆ. ಪೇಪರು ಇಲ್ಲೇ ಕಂಪ್ಯೂಟರಿನಾಗೈತೆ. ಎರಡು ಗಂಟೆಗೆ ಪ್ರೆಸ್ಸಿಗೆ ಕೊಡಬೇಕು."

"ಮೇಜಿನ ಮೇಲೆ ಪ್ರೂಫ್ ಐತೆ. ಟಿಕ್ ಪೂರಾ ಬಿದ್ದಿದ್ರೆ ಒಯ್ರಿ."

ಮೂವತ್ತೆಂಟು ಪ್ರಶ್ನೆಗಳಿದ್ದವು. ಟಿಕ್ ಮೂವತ್ತೆರಡಕ್ಕೇ ನಿಂತಿತ್ತು.

"ಆರೇ ಉಳಿದಾವೆ. ನಾನೇ ಬರೆದ ಪೇಪರು ಅಲ್ಲೇನು, ನಾನೇ ನೋಡಿಬಿಡ್ತೀನಿ."

"ಬರೆದೋರ ಕಣ್ಣಿಗೆ ತಪ್ಪು ಕಾಣಾಕಿಲ್ಲ ಅಂತಿದ್ರು ಇವರು." ಪ್ರಮೀಳಾಳ ದನಿ ಮೆತ್ತಗಿದ್ದರೂ ಅಲುಗಲಿಲ್ಲ. "ಮೇಡಂ ನ್ಯಾಮತಿ ಬಿಟ್ಟಾರಂತೆ. ಅವರು ಬಂದು ನೋಡ್ಲಿ. ತಡೀರಿ."

"ಯಾವ ಮೇಡಂ ಅತ್ತಿಗೆ?" ಎಂದ ಮರುಳಪ್ಪ. ಅಣ್ಣ ಫೋನಿನಲ್ಲಿ ಯಾರನ್ನೋ ಮೇಡಂ ಎನ್ನುವುದನ್ನು ಅವನೂ ಕೇಳಿದ್ದ.

*

ಹದಿನೆಂಟು ವರ್ಷಗಳ ಹಿಂದೆ ನಲ್ಲೂರಿನ ಹುಡುಗಿಯೊಬ್ಬಳು ಒಂದು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು. ಹೆಸರು ಚೌಡೇಶ್ವರಿ. ಕಾಲೇಜು ಹಾಸ್ಟೆಲಿನ ಉಚಿತ ಸೀಟಿಗಾಗಿ ಟ್ರಸ್ಟೊಂದು ನಡೆಸಿದ ಪರೀಕ್ಷೆ ಅದು. ಎರಡೇ ಅಂಕದಲ್ಲಿ ಅವಳಿಗೆ ಸೀಟು ತಪ್ಪಿತ್ತು.

"ಸರ್, ಇದು ನೀವು ಟೈಪ್ ಮಾಡಿದ್ದಾ? ವರ್ಗಮೂಲದ ಗೆರೆ ಒಂಬತ್ತರ ಮೇಲಷ್ಟೇ ಐತೆ, ಹದಿನಾರು ಹೊರಗೈತೆ. ಮೂರಕ್ಕೆ ಹದಿನಾರು ಕೂಡಿ ಹತ್ತೊಂಬತ್ತು ಅಂತ ಬರೆದೆ. ಐದು ಬರಬೇಕಿತ್ತು ಅಂತಾರೆ. ನಂದು ತಪ್ಪಾ?"

ಗಣಿತದಲ್ಲಿ ನಪಾಸಾಗಿ ಟೈಪಿಂಗ್ ಕಲಿತಿದ್ದ ಪಂಚಾಕ್ಷರಪ್ಪನಿಗೆ ಏನೂ ತಿಳಿಯಲಿಲ್ಲ. ಹಸ್ತಪ್ರತಿ ಹುಡುಕಿ ತೆಗೆದ. ಅದರಲ್ಲಿ ಗೆರೆ ಎರಡೂ ಸಂಖ್ಯೆಗಳ ಮೇಲೆ ಚಾಚಿತ್ತು. ಅವನ ಫಾಂಟಿನ ಚಿಹ್ನೆಗೆ ಮಾತ್ರ ಒಂದೇ ಅಂಕಿಯಷ್ಟು ಉದ್ದ. ಗೆರೆ ಗೆರೆಯೇ ತಾನೇ ಎಂದುಕೊಂಡು ಹಾಗೇ ಬಿಟ್ಟಿದ್ದ.

ಹುಡುಗಿಯನ್ನು ಕರೆದುಕೊಂಡು ಟ್ರಸ್ಟಿಗೆ ಹೋದ. ಪಟ್ಟಿ ಮುಗಿದಿದೆ ಎಂದರು. ಆ ವರ್ಷ ಅವಳು ಮನೆಯಲ್ಲೇ ಉಳಿದಳು. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೇ ದಿನ ನಲ್ಲೂರಿಗೆ ಹೋಗಿ, ಅವಳ ಅವ್ವನ ಎದುರೇ ಕೇಳಿದ:

"ನನಗೆ ಲೆಕ್ಕ ಕಲಿಸ್ತೀರಾ, ಮೇಡಂ?"

ಅವಳು ನಕ್ಕಳು, ಆದರೆ ಬಂದಳು. ಪ್ರತಿ ಭಾನುವಾರ ಅಂಗಡಿಯಲ್ಲಿ ಪಾಠ. ನಲವತ್ತಮೂರರ ವಯಸ್ಸಿನಲ್ಲಿ ಅವನು ಎಂಟನೇ ತರಗತಿಯಿಂದ ಶುರುಮಾಡಿ ಹತ್ತನೆಯದನ್ನು ಮುಗಿಸಿದ. ಬೇಕಾದಷ್ಟು ಉದ್ದಕ್ಕೆ ಚಾಚುವ ವರ್ಗಮೂಲದ ಚಿಹ್ನೆಯೊಂದನ್ನು ತಾನೇ ಕೂತು ಮಾಡಿದ. ಮರುವರ್ಷ ಚೌಡೇಶ್ವರಿಗೆ ಸೀಟು ಸಿಕ್ಕಿತು. ಬಸ್ ಹತ್ತಿಸಲು ಹೋದವನು ಮನೆಗೆ ಬಂದು ಪ್ರಮೀಳಾಳೆದುರು ಚಿಕ್ಕ ಮಗುವಿನಂತೆ ಅತ್ತಿದ್ದ.

*

ಈಗ ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಚೌಡೇಶ್ವರಿ ಬಂದು, ಪಂಚಾಕ್ಷರಪ್ಪನ ಪಾದ ಮುಟ್ಟಿ, ಪ್ರಮೀಳಾಳ ಪಕ್ಕ ಕೂತಳು. ಕಣ್ಣಲ್ಲಿ ನೀರಿರಲಿಲ್ಲ.

"ಆರು ಲೆಕ್ಕ ಉಳಿಸಿ ಹೋಗ್ಯಾರೆ, ಮೇಡಂ," ಎಂದು ಪ್ರಮೀಳಾ ಗಂಡನ ಜೇಬಿನಿಂದ ಪೆನ್ನು ತೆಗೆದುಕೊಟ್ಟಳು.

ಅಂಗಡಿಯಲ್ಲಿ ಕೂತು ಪ್ರೂಫನ್ನೂ ಅದರ ಜೊತೆಗಿದ್ದ ಮೇಷ್ಟ್ರ ಹಸ್ತಪ್ರತಿಯನ್ನೂ ಬಿಚ್ಚಿದ ಚೌಡೇಶ್ವರಿಗೆ ಮೂವತ್ತಮೂರನೇ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ ಕಂಡಿತು: "ಮೇಡಂನ ಕೇಳಬೇಕು."

ಆಗ ಅಳು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ರೇಣುಕಪ್ರಸಾದ್ ಬಾಗಿಲ ಕಡೆ ತಿರುಗಿ ನಿಂತರು. ಸ್ವಲ್ಪ ಹೊತ್ತಿಗೆ ಅವಳೇ ಕರೆದಳು.

"ಸರ್, ನಿಮ್ಮ ಕೈಬರಹದಾಗೆ ವರ್ಗಮೂಲದ ಗೆರೆ ನೂರ ನಲವತ್ನಾಲ್ಕರ ಹತ್ರ ತುಂಡಾಗೈತೆ. ಕೂಡಿಸೋ ಇಪ್ಪತ್ತೈದು ಒಳಗೋ ಹೊರಗೋ?"

"ಒಳಗೇ. ಹದಿಮೂರು ಬರಬೇಕು."

"ಹಿಂಗೇ ಹೋಗಿದ್ರೆ ಮೂವತ್ತೇಳು ಬರ್ತಿತ್ತು."

ರೇಣುಕಪ್ರಸಾದ್ ಹಾಳೆ ಇಸಿದುಕೊಂಡು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು.

ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಪಡಸಾಲೆಯಿಂದ, ಗಂಡನ ಮುಖದಿಂದ ಕಣ್ಣು ತೆಗೆಯದೆ, ಪ್ರಮೀಳಾ ಹೇಳಿದಳು:

"ಎಫ್ ಒಂಬತ್ತು ಒತ್ರಿ. ಆಮೇಲೆ ಎಷ್ಟು ಉದ್ದ ಬೇಕೋ ಅಷ್ಟು ಸಲ ಸ್ಪೇಸ್."

ಗೆರೆ ಒಂದೊಂದೇ ಹೆಜ್ಜೆ ಚಾಚಿ ಇಪ್ಪತ್ತೈದನ್ನೂ ಒಳಗೆ ತೆಗೆದುಕೊಂಡಿತು. ಚೌಡೇಶ್ವರಿ ಉಳಿದ ಐದನ್ನೂ ಬಿಡಿಸಿ ಟಿಕ್ ಹಾಕಿದಳು. ಕೊನೆಯ ಪ್ರಶ್ನೆಯ ಎರಡೇ ಸಾಲು ಮುಂದಿನ ಹಾಳೆಗೆ ಹೋಗಿದ್ದವು.

"ಹೊಳೆಗೆ ಸುರಿದ್ರೂ ಅಳೆದು ಸುರೀಬೇಕು ಅಂತಾರೆ. ಸಾಲು ಒಂಚೂರು ಒತ್ತಿದ್ರೆ ಒಂದು ಹಾಳೆ..." ಎಂದು ಶುರುಮಾಡಿದ ರೇಣುಕಪ್ರಸಾದ್ ತಾವೇ ನಿಲ್ಲಿಸಿದರು. "ಬ್ಯಾಡ ಬಿಡ್ರಿ. ಉಸಿರಾಡ್ಲಿ."

*

ನಾಲ್ಕು ಗಂಟೆಗೆ ಪಂಚಾಕ್ಷರಪ್ಪನನ್ನು ಎತ್ತುವ ಮುಂಚೆ ಪ್ರಮೀಳಾ ಪೆನ್ನನ್ನು ಮರಳಿ ಅವನ ಜೇಬಿಗೆ ಸಿಕ್ಕಿಸಿ, ಪ್ರೂಫನ್ನು ನಾಲ್ಕಾಗಿ ಮಡಚಿ ಅದರ ಹಿಂದೆ ಇಟ್ಟಳು. ಪ್ರೆಸ್ಸಿಗೆ ಹೋಗಿ ಬಂದಿದ್ದ ರೇಣುಕಪ್ರಸಾದ್ ಗಾಬರಿಯಿಂದ ಬಗ್ಗಿದರು.

"ಅಮ್ಮಾ, ಅದು ಕ್ವಶ್ಚನ್ ಪೇಪರು. ಪರೀಕ್ಷೆ ನಾಳೆ ಐತೆ."

"ಹೆತ್ತ ಮಗಳಿಗೇ ಹೇಳಿದೋರಲ್ಲ ಇವರು," ಎಂದಳು ಪ್ರಮೀಳಾ. "ಇನ್ಯಾರಿಗೆ ಹೇಳ್ತಾರೆ, ಬಿಡ್ರಿ."

ಅಳುತ್ತಿದ್ದ ವಾಣಿಶ್ರೀ ಫಕ್ಕನೆ ನಕ್ಕಳು, ಮತ್ತೆ ಜೋರಾಗಿ ಅತ್ತಳು.

ಗುಂಡಿಯೊಳಗೆ ಕೊರೆದ ಗೂಡಿನಲ್ಲಿ ಕೂರಿಸಿ, ವಿಭೂತಿ ಉಂಡೆ, ಬಿಲ್ವಪತ್ರೆ ಇಟ್ಟರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕತೊಡಗಿದರು. ಚೌಡೇಶ್ವರಿಯ ಸರದಿ ಬಂದಾಗ, ಜೇಬಿನಿಂದ ಹಾಳೆಯ ತುದಿ ಇಣುಕುತ್ತಿತ್ತು. ಅದರ ಮೇಲೆ ಮೂವತ್ತೆಂಟನೆಯ ಟಿಕ್ ಇನ್ನೂ ಕೆಂಪಗೆ ಕಾಣುತ್ತಿತ್ತು. ಅವಳು ಹಿಡಿಮಣ್ಣನ್ನು ಅದರ ಮೇಲೆ ಬೀಳದಂತೆ ಪಕ್ಕಕ್ಕೆ ಬಿಟ್ಟಳು.