ಒಂದು ತೊಟ್ಟೂ ಸೋರದ ಗೋಡೆ

“ಇಷ್ಟೊಂದು ನೀರನ್ನ ನಾನೆಲ್ಲಿಗೆ ಕಳಿಸಲಪ್ಪಾ?”

ಹಿತ್ತಲ ಬಾಗಿಲಲ್ಲಿ ನಿಂತು ಟೈಲರಮ್ಮ ಗಟ್ಟಿಯಾಗಿಯೇ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಗಂಡ ಒಳಗೆ ಮುಸುಕೆಳೆದುಕೊಂಡು ಮಲಗಿದ್ದ. ರಾತ್ರಿಯೆಲ್ಲ ಸುರಿದ ಮಳೆ ಸುಸ್ತಾಗಿ ಈಗಷ್ಟೇ ಉಸಿರು ಬಿಡಲು ನಿಂತಂತಿತ್ತು. ಎದುರಿಗೆ ಕೈತೋಟ ಇರಬೇಕಾದ ಕಡೆ ಒಂದು ಕೆಂಪು ಕೆರೆ. ಪಾಲಕ್ಕಿನ ಮಡಿ ಎಲ್ಲಿತ್ತು, ಕೊತ್ತಂಬರಿ ಎಲ್ಲಿತ್ತು ಎಂದು ಗುರುತು ಹಿಡಿಯುವ ಹಾಗಿರಲಿಲ್ಲ. ಬದನೆ ಗಿಡಗಳು ಕುತ್ತಿಗೆ ಮಟ್ಟ ಮುಳುಗಿ, ಸ್ನಾನಕ್ಕಿಳಿದವರು ಏಳಲು ನಾಚಿ ಕೂತ ಹಾಗೆ ಕೂತಿದ್ದವು. ನೀರು ಹಾಕುವ ಪ್ಲಾಸ್ಟಿಕ್ ಮಗ್ಗು ತನಗಿನ್ನೇನು ಕೆಲಸ ಎಂಬಂತೆ ತೇಲಿಕೊಂಡಿತ್ತು.

ಮೂಲೆಯಲ್ಲಿ ನಿಂಬೆ ಗಿಡ. ಅದರ ಬುಡ ಕಾಣಲಿಲ್ಲ. ಅಲ್ಲಿಗೆ ಕಣ್ಣು ಹೋದದ್ದೇ ಅವಳು ಹೊಸಿಲು ದಾಟಿ ಒಂದು ಹೆಜ್ಜೆ ಮುಂದಿಟ್ಟಳು.

ಆ ಗಿಡದ ಕಥೆ ದೊಡ್ಡದೇನಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಅವಳ ಬೆನ್ನು ಒಮ್ಮೆ ಕೈಕೊಟ್ಟಿತ್ತು. ಮಗ್ಗುಲು ಬದಲಿಸಲೂ ಗಂಡನನ್ನು ಕೂಗಬೇಕಾದ ಸ್ಥಿತಿ. ಮತ್ತೆ ಯಂತ್ರ ತುಳಿಯುತ್ತೇನೋ ಇಲ್ಲವೋ ಎಂದು ಅವಳೇ ಆಸೆ ಬಿಟ್ಟಿದ್ದಳು. ಆಗ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ, ಔಷಧಿಯ ಡಬ್ಬದಲ್ಲಿ ಒಂದಿಷ್ಟು ಮಣ್ಣು ತರಿಸಿ, ಒಂದು ನಿಂಬೆ ಬೀಜ ಒತ್ತಿದ್ದಳು. ಬೀಜ ಎದ್ದಿತು. ಅದರ ಹಿಂದೆಯೇ ಅವಳೂ ಎದ್ದಳು. ಯಾರು ಯಾರನ್ನು ಎಬ್ಬಿಸಿದರು ಅನ್ನುವ ಲೆಕ್ಕ ಮೇಲಿರುವವನಿಗೇ ಗೊತ್ತು. ಅವಳಂತೂ ಆ ಗಿಡಕ್ಕೆ ನೀರು ಹಾಕುವಾಗಲೆಲ್ಲ, ಚಿಕ್ಕಂದಿನಲ್ಲಿ ತಾತ ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ತುಟಿಯೊಳಗೇ ಗುನುಗುತ್ತಿದ್ದಳು. ವರ್ಷಗಟ್ಟಲೆ ಬರೀ ಎಲೆ, ಬರೀ ಮುಳ್ಳು. ಈ ಸಲ ಮೊದಲ ಬಾರಿಗೆ ಮೊಗ್ಗು ಕಟ್ಟಿತ್ತು.

“ರೀ, ಏಳ್ರೀ! ತೋಟ ಮುಳುಗಿದೆ!”

ಗಂಡ ಕಣ್ಣುಜ್ಜಿಕೊಂಡು ಬಂದ. ಊರಿಗೆಲ್ಲ ಅವನು ಟ್ಯಾಂಕ್ ಮೇಸ್ತ್ರಿ. ಮನೆ ಕಟ್ಟಲು ಕರೆದರೆ ಒಲ್ಲೆ ಅನ್ನುವವನು. ನೀರಿನ ತೊಟ್ಟಿ, ಸಂಪು, ಟ್ಯಾಂಕು ಅಂದರೆ ಊಟ ಬಿಟ್ಟು ಓಡುವವನು. ಟ್ಯಾಂಕು ಕಟ್ಟಿ, ತುಂಬಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗುತ್ತಿದ್ದ. ಮಾರನೆಯ ದಿನ ಬಂದು ನೋಡಿದಾಗ ನೀರು ಗೆರೆಯನ್ನು ಮುಟ್ಟಿಕೊಂಡೇ ಇದ್ದರೆ ಆಯಿತು, ಅವತ್ತು ಅವನಿಗೆ ಬೇರೆ ಏನೂ ಬೇಡ.

ಅವನು ಮುಳುಗಿದ ತೋಟ ನೋಡಲಿಲ್ಲ. ನೇರವಾಗಿ ನೀರಿನಲ್ಲೇ ನಡೆದು ಹೋಗಿ, ತೋಟದ ಕೆಳಗಿನ ಅಂಚಿನ ಸೊಂಟದೆತ್ತರದ ಗೋಡೆಯಾಚೆ ಬಗ್ಗಿ ನೋಡಿದ. ಆಚೆ ಕೆಳಮನೆಯವರ ತಗಡಿನ ಚಪ್ಪರ. ಅದರಡಿ ಗೋಡೆಯ ಬೆನ್ನು ಒಣಗಿಕೊಂಡೇ ಇತ್ತು. ಮೇಸ್ತ್ರಿಯ ಮುಖ ಅರಳಿತು.

“ನೋಡೇ! ಇಷ್ಟು ನೀರು ನಿಂತರೂ ಆ ಕಡೆ ಒಂದು ತೊಟ್ಟು ಹೋಗಿಲ್ಲ!”

“ಅದೇ ಕಣ್ರೀ ನನ್ನ ಗೋಳು!” ಅಂದಳು ಟೈಲರಮ್ಮ. “ತೋಟಕ್ಕೆ ಬೇಲಿ ಸಾಕು ಅಂದ್ರೆ ಟ್ಯಾಂಕ್ ಕಟ್ಟಿದ್ದೀರಿ. ಮುಚ್ಚಳ ಒಂದು ಹಾಕಿಬಿಟ್ಟಿದ್ರೆ ಮಳೆನೂ ಬೀಳ್ತಿರಲಿಲ್ಲ.”

ತಪ್ಪು ಹೇಗಾಯಿತೆಂದರೆ ಹೀಗೆ. ಜಾಗ ಇಳಿಜಾರು. ಮೇಲೆ ಇವರ ಮನೆ, ಎರಡು ಪಕ್ಕಕ್ಕೂ ಎತ್ತರದ ಗೋಡೆ, ಕೆಳಗೆ ಆಗ ಬರೀ ಮುಳ್ಳುತಂತಿ, ತಂತಿಯಾಚೆ ಇಸ್ತ್ರಿ ಅಕ್ಕನ ಅಂಗಳ. ಅವಳು ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಮೇಜಿನ ಬಟ್ಟೆ ಒಗೆದು, ಅಲ್ಲೇ ಒಣಹಾಕಿ ಇಸ್ತ್ರಿ ಮಾಡುವವಳು. ಹೋದ ಮಳೆಗಾಲದಲ್ಲಿ ಇವರ ತೋಟದ ಕೆಸರು ನೀರು ಹೇಳದೆ ಕೇಳದೆ ನುಗ್ಗಿ, ಇಳಿಬಿಟ್ಟ ಬಿಳೀ ಬಟ್ಟೆಗಳ ಅಂಚನ್ನೆಲ್ಲ ಕೆಂಪು ಮಾಡಿತ್ತು. ಅವಳು ತಂತಿಯ ಹತ್ತಿರ ಬಂದು ಬಾಯಿ ಮಾಡಿದಳು. ಮೇಸ್ತ್ರಿಗೆ ರೋಷ ಬಂತು. “ಇನ್ನು ನಮ್ಮ ಕಡೆಯಿಂದ ಒಂದು ತೊಟ್ಟು ಬಂದರೂ ನಾನು ಕರಣೆ ಮುಟ್ಟಲ್ಲ” ಅಂದುಬಿಟ್ಟ. ಅಂದವನು ಬಂಡೆ ಸಿಗುವ ತನಕ ಅಗೆದು, ಬುಡಕ್ಕೆ ಕಾಂಕ್ರೀಟು ಸುರಿದು, ಎರಡೂ ಬದಿಗೆ ಟ್ಯಾಂಕಿಗೆ ಬಳಿಯುವ ಗಿಲಾವನ್ನೇ ಬಳಿದು ಈ ಗೋಡೆ ಎಬ್ಬಿಸಿದ. ನೀರು ಹೋಗಲು ಒಂದು ತೂತು ಬಿಡಬೇಕೆಂದು ಯಾವ ಮೇಸ್ತ್ರಿಗಾದರೂ ಹೊಳೆಯುತ್ತದೆ. ಆದರೆ ಇಡೀ ಜೀವಮಾನ ತೂತು ಮುಚ್ಚಿದ ಕೈಗೆ ಅದು ಹೊಳೆಯಲಿಲ್ಲ. ಅಂದಿನಿಂದ ಎರಡು ಮನೆಯವರು ಎದುರು ಸಿಕ್ಕರೆ ತಲೆಯಾಡಿಸುವುದಷ್ಟೆ, ಮಾತಿಲ್ಲ.

“ಗೋಡೆಗೊಂದು ತೂತು ಹೊಡೀರಿ,” ಅಂದಳು ಟೈಲರಮ್ಮ. “ಬೇರು ಉಸಿರು ಕಟ್ಟಿ ಸಾಯುತ್ತೆ. ನಾಳೆ ತನಕ ಹೀಗೇ ನಿಂತರೆ ನಿಂಬೆ ನನ್ನ ಕೈಗೆ ಸಿಗಲ್ಲ.”

“ಮಾತು ಕೊಟ್ಟಿದ್ದೀನಿ ಕಣೆ.”

“ಮಾತು ದೊಡ್ಡದೋ ಗಿಡ ದೊಡ್ಡದೋ?”

ಮೇಸ್ತ್ರಿ ಲುಂಗಿ ಎತ್ತಿ ಕಟ್ಟಿ, ಎರಡು ಬಕೆಟ್ ತಂದು ಮತ್ತೆ ನೀರಿಗಿಳಿದ. ತೋಟದ ನೀರನ್ನು ಬಕೆಟ್ಟಿನಲ್ಲಿ ತುಂಬಿ, ಅಡುಗೆಮನೆ ದಾಟಿ, ನಡುಮನೆ ದಾಟಿ, ಮುಂಬಾಗಿಲಾಚೆ ರಸ್ತೆಯ ಮೋರಿಗೆ ಸುರಿಯುವುದು ಅವನ ಉಪಾಯ. ಸುರಿದ. ಮತ್ತೆ ತಂದ, ಮತ್ತೆ ಸುರಿದ. ಬಾಗಿಲಿನಿಂದ ಬಾಗಿಲಿಗೆ ಕೆಸರಿನ ದಾರಿಯಾಯಿತು; ಹೊಲಿಯಲೆಂದು ಜನ ಕೊಟ್ಟ ಬಟ್ಟೆಯ ಗಂಟನ್ನು ಟೈಲರಮ್ಮ ಮಂಚದ ಮೇಲೆ ಎತ್ತಿಟ್ಟಳು. ಕೊನೆಗೆ ಅವನು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಾಗ ನೀರು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಅಷ್ಟರಲ್ಲಿ ಮತ್ತೆ ಹನಿ ಶುರುವಾಯಿತು.

“ಹೋಗಿ ಅಕ್ಕನನ್ನೇ ಕೇಳ್ತೀನಿ,” ಅಂದಳು ಟೈಲರಮ್ಮ.

“ಕೇಳು. ಮಾತು ಕೊಟ್ಟಿದ್ದು ಅವರಿಗೆ. ಬಿಡಿಸಬೇಕಾದವರೂ ಅವರೇ. ಅವರು ಬೇಡ ಅಂದರೆ ಮಾತ್ರ ಮತ್ತೆ ನನ್ನ ತಲೆ ತಿನ್ನಬೇಡ.”

“ಆಗಲಿ, ಅವರ ಮಾತೇ ಮಾತು” ಅಂದು ಅವಳು ಕೊಡೆ ಹಿಡಿದು ಸುತ್ತುಬಳಸಿ ಕೆಳಬೀದಿಗೆ ಇಳಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಬಾಗಿಲ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಬಿಚ್ಚಿಕೊಂಡಿತು.

ಇಸ್ತ್ರಿ ಅಕ್ಕ ಬಾಗಿಲು ತೆರೆದಳು. ಬೆಚ್ಚನೆಯ ಗಂಜಿಯ ವಾಸನೆ ಹೊರಗೆ ಬಂತು. ಹಿಂದೆ ತಗಡಿನಡಿ ಸಾಲು ಸಾಲಾಗಿ ಬಿಳಿ ಬಟ್ಟೆ.

“ಏನು ತಂಗೀ, ದಾರಿ ತಪ್ಪಿತಾ?”

“ಅಕ್ಕಾ, ನಮ್ಮ ತೋಟದಲ್ಲಿ ನೀರು ನಿಂತುಬಿಟ್ಟಿದೆ. ಗೋಡೆ ಒಡೆದರೆ ಮಾತ್ರ ಹೋಗುತ್ತೆ. ಹೋದರೆ ಬರೋದು ನಿಮ್ಮ ಅಂಗಳಕ್ಕೆ. ನಿಮ್ಮ ಬಟ್ಟೆ... ನನಗೊಂದು ನಿಂಬೆ ಗಿಡ ಇದೆ ಅಕ್ಕಾ. ಅದು ಮಾತ್ರ...”

ಇಸ್ತ್ರಿ ಅಕ್ಕ ಬಾಗಿಲನ್ನು ಪೂರ್ತಿ ತೆರೆದಳು.

“ಇದನ್ನ ಕೇಳೋಕೆ ಬಂದ್ಯಾ?”

“ಹೂಂ.”

“ಅವತ್ತು ಹೀಗೇ ಬಂದು ಒಂದು ಮಾತು ಹೇಳಿದ್ದಿದ್ರೆ ಬಟ್ಟೆ ಒಳಗೆ ತಗೊಳ್ತಿದ್ದೆ, ಅಷ್ಟೇ ಆಗ್ತಿತ್ತು. ನಾನು ಕೂಗಾಡಿದ್ದು ನೀರು ಬಂತು ಅಂತಲ್ಲ, ಹೇಳದೆ ಬಂತು ಅಂತ. ನಾನು ಕೇಳಿದ್ದು ಒಂದು ಮಾತು. ನಿನ್ನ ಗಂಡ ಗೋಡೆ ಕಟ್ಟಿಕೊಟ್ಟ.”

ಟೈಲರಮ್ಮನಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೂ ತುಂಬಿತು.

“ನಿಂತು ಏನು ನೋಡ್ತೀಯಾ? ಆ ತುದಿ ಹಿಡಿ. ಬಟ್ಟೆ ತೆಗಿಯೋಣ. ನೆಲಕ್ಕೆ ತಾಗಿಸಬೇಡ, ಹಾಂ? ಆಸ್ಪತ್ರೆದು.”

ಇಬ್ಬರೂ ಸೇರಿ ಬಟ್ಟೆ ಮಡಚಿ ಒಳಗೆ ಪೇರಿಸಿದರು. ಇಸ್ತ್ರಿ ಅಕ್ಕ ಹಳೆಯ ತಗಡೊಂದನ್ನು ಅಡ್ಡ ನಿಲ್ಲಿಸಿ, ಇಟ್ಟಿಗೆ ಒತ್ತು ಕೊಟ್ಟು, ನೀರು ನೇರವಾಗಿ ತನ್ನ ಬಚ್ಚಲ ಮೋರಿಗೆ ಹೋಗುವಂತೆ ದಾರಿ ಮಾಡಿದಳು. ಆಮೇಲೆ ಗೋಡೆಗೆ ಬಾಯಿ ಹಚ್ಚಿ ಕೂಗಿದಳು: “ಮೇಸ್ತ್ರೀ! ಹೊಡೀರಿ!”

ಮೇಸ್ತ್ರಿ ಮಂಡಿಯುದ್ದ ನೀರಿನಲ್ಲಿ ನಿಂತು ಉಳಿ ಇಟ್ಟ, ಸುತ್ತಿಗೆ ಎತ್ತಿದ. ಮೊದಲ ಪೆಟ್ಟಿಗೆ ಗೋಡೆ ಜಪ್ಪಯ್ಯ ಅನ್ನಲಿಲ್ಲ. ಎರಡನೆಯದಕ್ಕೂ ಇಲ್ಲ. ಒಂದು ಪೆಟ್ಟಿಗೆ ಸಂಕಟ, ಮರು ಪೆಟ್ಟಿಗೆ ಹೆಮ್ಮೆ, ಎರಡೂ ಅವನ ಮುಖದಲ್ಲಿ ಸರದಿ ಪ್ರಕಾರ ಬಂದು ಹೋಗುತ್ತಿದ್ದವು.

“ಒಡೀತಾ?” ಆಚೆಯಿಂದ ಇಸ್ತ್ರಿ ಅಕ್ಕ.

“ನಾನು ಕಟ್ಟಿದ್ದು ಅಕ್ಕಾ! ಅಷ್ಟು ಸಲೀಸಾಗಿ ಒಡೆಯುತ್ತಾ?”

“ಹಾಗಾದ್ರೆ ಬೇರೆ ಮೇಸ್ತ್ರಿ ಕರೆಸ್ಲಾ?”

ಆ ಮಾತು ಸುತ್ತಿಗೆಗೆ ಬಲ ಕೊಟ್ಟಿತು. ಕೊನೆಗೂ ಒಂದು ಚಕ್ಕೆ ಎದ್ದಿತು, ಒಂದು ಇಟ್ಟಿಗೆ ಅಲುಗಿತು. ಆಚೆ ಬದಿಯ ಗಿಲಾವು ಮೊದಲು ಬೆವರಿತು, ಆಮೇಲೆ ತೊಟ್ಟಿಕ್ಕಿತು. ಇಟ್ಟಿಗೆ ಆಚೆಗೆ ಬಿದ್ದದ್ದೇ ನೀರು ಭೋರೆಂದು ನುಗ್ಗಿತು. ಇಸ್ತ್ರಿ ಅಕ್ಕ ಪೊರಕೆ ಹಿಡಿದು, ದನ ಅಟ್ಟುವವರ ಹಾಗೆ “ಹೋಗು, ಹೋಗು, ಈ ಕಡೆ” ಎಂದು ಅದನ್ನು ಮೋರಿಗೆ ಅಟ್ಟಿದಳು. ಟೈಲರಮ್ಮನೂ ಒಂದು ಪೊರಕೆ ಹಿಡಿದಳು. ಕೆಸರು ಮುಖಕ್ಕೆ ಸಿಡಿದರೂ ಒರೆಸಿಕೊಳ್ಳಲಿಲ್ಲ. ಹರಿಯುವ ನೀರಿನ ಸದ್ದಿಗೆ ಎಷ್ಟೋ ಕಾಲದಿಂದ ನಾಲಿಗೆಯ ತುದಿಯಲ್ಲಿದ್ದ ಪದ್ಯ ತಾನಾಗಿ ಹೊರಬಂತು, ಈ ಸಲ ತುಟಿಯೊಳಗಲ್ಲ, ಗಟ್ಟಿಯಾಗಿಯೇ. ಇಸ್ತ್ರಿ ಅಕ್ಕ ಗುಡಿಸುತ್ತಲೇ ಕಿವಿಗೊಟ್ಟಳು. “ದನಿ ಚೆನ್ನಾಗಿದೆಯಲ್ಲೇ, ಇಷ್ಟು ದಿನ ಗೋಡೆಯಾಚೆ ಮುಚ್ಚಿಟ್ಟುಕೊಂಡಿದ್ದೆ,” ಅಂದಳು.

ಸಂಜೆಯ ಹೊತ್ತಿಗೆ ತೋಟದ ನೆಲ ಕಾಣಿಸಿಕೊಂಡಿತು. ಮೇಸ್ತ್ರಿ ಗುದ್ದಲಿ ಹಿಡಿದು ಇಳಿಯಹೊರಟ.

“ಕಾಲಿಡಬೇಡಿ!” ಟೈಲರಮ್ಮ ಅಡ್ಡ ಬಂದಳು. “ಈಗ ತುಳಿದರೆ ಮಣ್ಣು ಇಟ್ಟಿಗೆ ಆಗುತ್ತೆ. ಒದ್ದೆ ಬಟ್ಟೆಗೆ ನಾನು ಕತ್ತರಿ ಇಡ್ತೀನಾ? ಆರಲಿ ಬಿಡಿ.”

ಅವಳು ಕೆಸರಿನ ಮೇಲೆ ಹಲಗೆ ಹಾಸಿಕೊಂಡು, ಅದರ ಮೇಲೆಯೇ ನಡೆದು ಹೋದಳು. ಎಲೆಗಳಿಗೆ ಮೆತ್ತಿದ ಕೆಸರನ್ನು ಒಳ್ಳೆ ನೀರಿನಿಂದ ತೊಳೆದಳು. ಪಾಲಕ್ಕು, ಕೊತ್ತಂಬರಿ ಕೆಸರಲ್ಲಿ ನೆಲಕಚ್ಚಿದ್ದವು. ಕಿತ್ತು ಗೊಬ್ಬರದ ಗುಂಡಿಗೆ ಹಾಕಿದಳು, ಅದಕ್ಕೆ ಹೊಟ್ಟೆ ಉರಿದುಕೊಳ್ಳಲಿಲ್ಲ. ನಿಂಬೆಯ ಬುಡದಲ್ಲಿ ಕೂತು, ಮೇಲೆ ಕಟ್ಟಿದ ಮೆಕ್ಕಲನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ತೆಗೆದಳು, ಮಲಗಿದ ಕೂಸಿನ ಮುಖದಿಂದ ಕೂದಲು ಸರಿಸುವ ಹಾಗೆ.

ಮುಂದಿನ ದಿನಗಳಲ್ಲಿ ಗಿಡ ಎಲೆ ಉದುರಿಸಿತು. ಬೆಳಿಗ್ಗೆ ಎದ್ದ ಕೂಡಲೇ ಅವಳು ನೆಲ ನೋಡುತ್ತಿದ್ದಳು: ಹಳದಿ ಎಲೆ, ಅದರ ನಡುವೆ ಉದುರಿದ ಮೊಗ್ಗು. ಏನೂ ಮಾಡುವಂತಿರಲಿಲ್ಲ, ಕಾಯಬೇಕಿತ್ತು. ಮತ್ತೊಂದು ಮಳೆ ಬಂತು. ನೀರು ತೂತಿನಿಂದ ಸದ್ದಿಲ್ಲದೆ ಇಳಿದು ಹೋಯಿತು. ಅದಕ್ಕೆ ಮೊದಲೇ ಅವಳು ಗೋಡೆಯ ಮೇಲಿಂದ ಬಗ್ಗಿ “ಅಕ್ಕಾ, ಮೋಡ ಕಟ್ಟಿದೆ!” ಎಂದು ಕೂಗಿದ್ದಳು. “ತೆಗೆದಾಯ್ತು ಕಣೇ!” ಎಂಬ ಉತ್ತರವೂ ಬಂದಿತ್ತು. ಬಿಸಿಲು ಬಂದ ಒಂದು ಬೆಳಿಗ್ಗೆ ನೋಡಿದರೆ ಮೇಲಿನ ಕೊಂಬೆಯಲ್ಲಿ ಉಳಿದ ಒಂದೇ ಮೊಗ್ಗು ಒಡೆದಿತ್ತು. ಟೈಲರಮ್ಮ ಹಲಗೆಯ ಮೇಲೇ ಕೂತಳು. ಕೈ ಮುಗಿದಳು. ಏನನ್ನೂ ಬೇಡಲಿಲ್ಲ, ಕೊಟ್ಟಿದ್ದೇ ಬೇಕಾದಷ್ಟಿತ್ತು. ಬೀಜಕ್ಕೆ, ಬೆನ್ನಿಗೆ, ಸೋತುಕೊಂಡು ಸುತ್ತಿಗೆ ಎತ್ತಿದ ಗಂಡನಿಗೆ, ಕೆಳಮನೆಯ ಪೊರಕೆಗೆ, ಎಲ್ಲಕ್ಕೂ ಸೇರಿಸಿ ಒಂದೇ ನಮಸ್ಕಾರ.

ಕೈ ಬಿಡಿಸುವಷ್ಟರಲ್ಲಿ ಬೆನ್ನ ಹಿಂದೆ ಕರಣೆಯ ಸದ್ದು. ಮೇಸ್ತ್ರಿ ಬಾಂಡ್ಲಿಯಲ್ಲಿ ಗಾರೆ ಕಲಸಿಕೊಂಡು ಬಂದಿದ್ದ.

“ಏನ್ರೀ ಇದು?”

“ಮಳೆಗಾಲ ಮುಗೀತಲ್ಲ. ಮುಚ್ಚಿಬಿಡ್ತೀನಿ.”

“ಮತ್ತೆ ಮುಳುಗುತ್ತೆ ಕಣ್ರೀ! ಈಗಷ್ಟೇ ಬದುಕಿದೆ!”

“ಮುಂದಿನ ಮಳೆಗಾಲಕ್ಕೆ ಮತ್ತೆ ಒಡೀತೀನಿ ಬೇಕಾದ್ರೆ. ಆ ತೂತು ಕಂಡರೆ ನನಗೆ ತುತ್ತು ಇಳಿಯಲ್ಲ ಕಣೆ. ನನ್ನ ಕೈಯಾರೆ ಕಟ್ಟಿದ್ದು, ಹಲ್ಲು ಬಿದ್ದ ಬಾಯಿ ಹಾಗೆ ಕಾಣುತ್ತೆ. ನೀನೇ ಒಪ್ಪಿದ್ದೆ ತಾನೇ, ಬಿಡಿಸೋದು ಕಟ್ಟಿಸೋದು ಅವರ ಮಾತು ಅಂತ? ಅವರನ್ನೇ ಕೇಳೋಣ.”

ಟೈಲರಮ್ಮ ಗಿಡದ ಹತ್ತಿರಕ್ಕೆ ಸರಿದಳು. ಒಪ್ಪಿದ್ದು ಹೌದು. ಅಂಗಳಕ್ಕೆ ಕೆಸರು ಬರುವುದು ಯಾರಿಗೆ ತಾನೇ ಬೇಕು? ಅಕ್ಕ ಒಮ್ಮೆ ದೊಡ್ಡ ಮನಸ್ಸು ಮಾಡಿದಳು. ಮಳೆ ಮಳೆಗೂ ಮಾಡು ಎನ್ನಲು ಯಾವ ಮುಖವಿದೆ? ನಿಂಬೆಯ ಕಾಂಡ ಹಿಡಿದುಕೊಂಡು ನಿಂತಳು. ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ.

ಮೇಸ್ತ್ರಿ ಗೋಡೆಯ ಮೇಲೆ ಬಗ್ಗಿದ. ಆಚೆ ಇಸ್ತ್ರಿ ಅಕ್ಕ ಮೇಜಿನ ಬಟ್ಟೆಯೊಂದಕ್ಕೆ ನೀರು ಚಿಮುಕಿಸುತ್ತಿದ್ದಳು.

“ಅಕ್ಕಾ, ನಿಮಗೆ ಕೊಟ್ಟ ಮಾತು ನನ್ನ ತಲೆ ಮೇಲೆ ಕೂತಿದೆ. ಗಾರೆ ಕಲಸಿಟ್ಟಿದ್ದೀನಿ. ಹೂಂ ಅಂತ ಒಂದು ಮಾತು ಅನ್ನಿ, ಈ ತೂತು ಮುಚ್ಚಿಬಿಡ್ತೀನಿ. ದಯವಿಟ್ಟು.”

ಇಸ್ತ್ರಿ ಅಕ್ಕ ತಲೆ ಎತ್ತಿದಳು. ಅವನ ಕೈಯ ಕರಣೆ ನೋಡಿದಳು, ಅವನ ಹಿಂದೆ ಗಿಡ ಹಿಡಿದು ನಿಂತವಳನ್ನೂ ನೋಡಿದಳು.

“ಅನ್ನಲ್ಲ ಮೇಸ್ತ್ರಿ,” ಅಂದಳು. “ನಾನಿರೋ ತನಕ ಅದಕ್ಕೆ ಗಾರೆ ಮುಟ್ಟಿಸೋಕೆ ಬಿಡಲ್ಲ. ಬಾಂಡ್ಲಿ ಎತ್ಕೊಂಡು ನಡೀರಿ.”