ಓಗೊಡದ ಹೆಸರು

ಸಾವಿನ ದಿನಕಾರ್ಯ ಮುಗಿದು ನೆಂಟರೆಲ್ಲ ಹೋದ ಮಾರನೆಯ ಬೆಳಿಗ್ಗೆ ಕಡಲತಡಿಯ ಕೇಣಿಯಲ್ಲಿ ಎಲ್ಲವೂ ಎಂದಿನಂತಿತ್ತು. ದೋಣಿಗಳು ದಡ ಸೇರಿದ್ದವು. ಗಂಜಿ ಉಕ್ಕಿತು. ನೀತಾ ಬರಿಗೈಯಲ್ಲೇ ಮುಚ್ಚಳ ಸರಿಸಿದಳು. ದೋಣಿ ಮಗುಚಿ ಗಂಡ ಹೋದ ದಿನದಿಂದ ಅವಳಿಗೆ ಬಿಸಿಯೂ ತಾಗುತ್ತಿರಲಿಲ್ಲ.

ಅತ್ತೆ ನಾಗಿ ಮೀನುಬುಟ್ಟಿ ಮುಟ್ಟದೆ, ಸೊಸೆಯ ತುಂಬಿದ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಳು.

"ಗಂಡಾದ್ರೆ ಅವನ ಹೆಸರೇ ಇಡೂದು. ಎರಡು ಹೆತ್ತು ಮಣ್ಣಿಗೆ ಕೊಟ್ಟವಳು ನಾನು. ಬಯಲಾಟದಲ್ಲಿ ಹರಿಶ್ಚಂದ್ರನ ಮಗ ಸುಡುಗಾಡಿಂದ ಎದ್ದು ಬಂದದ್ದು ಕಂಡು, ಮೂರನೇದಕ್ಕೆ ರೋಹಿತ ಅಂತ ಕರ್ದೆ. ಉಳೀತು. ಈಗ್ಲೂ ಬರ್ತಾನೆ, ನೋಡು."

ನೀತಾ ಧಾರವಾಡದಲ್ಲಿ ಸಂಸ್ಕೃತ ಎಂ.ಎ. ಮಾಡಿದವಳು. ರೋಹಿತ ಎಂದರೆ ಕೆಂಪು, ಮೂಡುವ ಸೂರ್ಯನ ಕೆಂಪು. ವೇದದಷ್ಟು ಹಳೆಯ ಶಬ್ದ. ಮದುವೆಯಾದ ಮೇಲೆ ಅದು ಅವಳ ಬಾಯಿಂದ ಹೊರಟಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಾಗಿ ಹೇಳಿದ್ದಳು. ಮೊಬೈಲಿನಲ್ಲೂ ಅವನು ಬರೀ 'ಅವರು'.

ಶಾಲೆಯ ಟೀಚರನ್ನು ಕರೆಯುವಂತೆ ಅವನೇ ಛೇಡಿಸುತ್ತಿದ್ದ: "ಅಕ್ಕೋರೇ, ಕೆಂಪಿಗೆ ಸಂಸ್ಕೃತದಲ್ಲಿ ಎಂತ ಹೇಳೂದು?"

"ರಕ್ತ" ಎಂದು, ಕೆಂಪಿಗಿರುವ ಇನ್ನೊಂದು ಶಬ್ದ ಹೇಳಿ ಅವಳು ತಪ್ಪಿಸಿಕೊಳ್ಳುತ್ತಿದ್ದಳು.

"ಆ ಹೆಸರಿಟ್ರೆ ನಾನು ಮಗನ್ನ ಎಂತ ಹೇಳಿ ಕರೀಲಿ, ಅತ್ತೆ?" ನೀತಾ ಈಗ ಕೇಳಿದಳು.

"ತಮ್ಮಾ ಅನ್ನು, ಪುಟ್ಟಾ ಅನ್ನು. ಹೆಸರು ಊರವ್ರು ಕರೀತ್ರು."

"ಹೋದವರು ತಿರುಗಿ ಬರೂದಿಲ್ಲ, ಅತ್ತೆ."

"ಬಾಯಿ ಮುಚ್ಚೇ! ಅದನ್ನೂ ಕಿತ್ಕಳ್ತೀಯಾ ನನ್ನಿಂದ?"

ನೀತಾ ಹಿತ್ತಿಲಿಗೆ ಹೋದಳು. ಗೂಟದಲ್ಲಿ ಒಂದು ಬೀಸುಬಲೆ ತೂಗುತ್ತಿತ್ತು. ಪಕ್ಕದೂರು ಭಾವಿಕೇರಿಯ ಮಾದೇವನಿಂದ ಗಂಡ ಕೇಳಿ ತಂದದ್ದು. ಸತ್ತವನ ಹೆಸರಲ್ಲಿ ಬೇರೆಯವರ ವಸ್ತು ಮನೆಯಲ್ಲಿ ಉಳಿಯಬಾರದು. ಅದನ್ನು ಚೀಲಕ್ಕೆ ತುಂಬಿ ಬಸ್ಸು ಹತ್ತಿದಳು.

ಮಾದೇವ ಕಣ್ಣು ಮಂಜಾದ ಮುದುಕ. ಕೇಣಿಯಿಂದ ಬಂದೆನೆಂದು ಅವಳು ಕೊಟ್ಟ ಬಲೆ ತಡವಿ, ತನ್ನದೇ ಎಂದ.

"ಯಾರು ಒಯ್ದದ್ದು ಇದನ್ನ, ತಂಗೀ?"

"ನಮ್ಮನೆಯವರು."

"ಹಂಗಂದ್ರೆ ಯಾರು? ಕೇಣಿ ಹೆಂಗಸ್ರ ಗಂಡಂದಿರಿಗೆಲ್ಲ ಅದೊಂದೇ ಹೆಸರು!" ಮುದುಕ ನಕ್ಕ.

ಹಿಂದೆಯಾದರೆ ಅತ್ತೆಯ ಮಗ ಎಂದೋ, ಗುರುತು ಹೇಳಿಯೋ ಪಾರಾಗುತ್ತಿದ್ದಳು. ಇನ್ನು ಯಾರ ಆಯುಷ್ಯ ಕಾಯುವುದು?

"ರೋಹಿತ" ಎಂದಳು. ಮತ್ತೆ, ಗಟ್ಟಿಯಾಗಿ: "ರೋಹಿತ. ನನ್ನ ಗಂಡ. ತೀರಿಹೋದ್ರು."

ಮುದುಕನ ನಗು ನಿಂತಿತು. ಅವಳ ದನಿ ಅಂಗಳ ದಾಟಿ ತೆಂಗಿನ ಸಾಲಿನವರೆಗೂ ಹೋಯಿತು, ದೂರದಲ್ಲಿದ್ದವನನ್ನು ಊಟಕ್ಕೆ ಕರೆದ ಹಾಗೆ. ಯಾರೂ ಓಗೊಡಲಿಲ್ಲ.

ಗಂಡಾದರೆ ಅತ್ತೆ ಅದೇ ಹೆಸರಿಡಲಿ. ತಾನೂ ಹಾಗೆಯೇ ಕರೆಯುವಳು, ಬಾಯಿ ತುಂಬ. ಆ ಹೆಸರಿಗೆ ಯಾರಾದರೊಬ್ಬರು ಓ ಎನ್ನಲೇಬೇಕು.

ಮಾದೇವ ಬಲೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಅದರ ಒಂದು ಅಂಚು ಇನ್ನೂ ಅವಳ ಮುಷ್ಟಿಯಲ್ಲಿತ್ತು. ಬಿಟ್ಟಳು.