ಬೇಲಿಯ ಈಚೆ

ನಮ್ಮ ಯಾರಂಬುಲ್ ಊರಿನ ಫುಟ್‌ಬಾಲ್ ಮೈದಾನದಲ್ಲಿ ಒಂದು ಪದ್ಧತಿ ಇತ್ತು. ಗೋಲು ಕಂಬಗಳ ಹಿಂದೆ ನಿಲ್ಲುವ ಅಂಪೈರ್ ಬರದೇ ಹೋದರೆ, ಅಥವಾ ಆಟದ ಮಧ್ಯೆ ಅವನಿಗೆ ಏನಾದರೂ ಆದರೆ, ಆ ಹೊತ್ತಿನಲ್ಲಿ ಅಲ್ಲಿ ಬೇಲಿಗೆ ಒರಗಿ ನಿಂತವರು ಯಾರೋ ಅವರೇ ಒಳಗೆ ಹಾರಿ, ಬಿಳಿ ಕೋಟು ತೊಟ್ಟು, ಎರಡು ಬಿಳಿ ಬಾವುಟ ಕೈಗೆ ತೆಗೆದುಕೊಳ್ಳಬೇಕು. ಯಾರೂ ಯಾರನ್ನೂ ಕೇಳುವುದಿಲ್ಲ. ಪಾದ್ರಿ ಹಿಡಿದಿದ್ದಾರೆ, ಪಬ್ಬಿನ ಯಜಮಾನ ಹಿಡಿದಿದ್ದಾನೆ, ತುಂಬು ಬಸುರಿ ಟೀಚರಮ್ಮ ಹಿಡಿದಿದ್ದಾಳೆ. ಕ್ಯಾಂಟೀನಿನಲ್ಲಿ ಮಾಂಸದ ಪೈ ಬಿಸಿ ಮಾಡುವುದನ್ನು ಬಿಟ್ಟು ಏಪ್ರನ್ ಮೇಲೆಯೇ ಕೋಟು ಹಾಕಿಕೊಂಡು ನಾನೂ ಎಷ್ಟೋ ಸಲ ನಿಂತಿದ್ದೇನೆ. ಸಾಲಾಗಿ ನಿಂತ ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ಚೆಂಡು ಹೋದರೆ ಗೋಲು, ಎರಡೂ ಬಾವುಟ ಬೀಸಬೇಕು. ಬೀಸಿದ ಕೂಡಲೇ ಬೇಲಿಗೆ ಮೂತಿ ಹಚ್ಚಿ ನಿಂತ ಕಾರುಗಳೆಲ್ಲ ಹಾರನ್ ಹೊಡೆಯುತ್ತವೆ. ಬಾವುಟ ಬೀಸದೆ ಹಾರನ್ ಇಲ್ಲ. ಇಷ್ಟೇ ವಿದ್ಯೆ, ಇದಕ್ಕೆ ಕಾಲೇಜು ಓದಬೇಕಾಗಿಲ್ಲ.

ಈ ಪದ್ಧತಿಯೇ ನನ್ನ ಅಣ್ಣನ ಮಗ ಬ್ರಾಡಿಯ ಕಥೆ ಮುಗಿಸಿತು.

ಬ್ರಾಡಿ ಪಾಸ್ಕೋನನ್ನು ಪಟ್ಟಣದ ಪೋರ್ಟ್‌ಗೇಟ್ ಕ್ಲಬ್ಬು ಕರೆದುಕೊಂಡು ಹೋದಾಗ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಷ್ಟು ಚಿಕ್ಕ ವಯಸ್ಸಿಗೆ ಹೋದದ್ದರಿಂದ ಅವನು ನಮ್ಮೂರಿನ ದೊಡ್ಡವರ ತಂಡದಲ್ಲಿ ಒಂದು ಆಟವನ್ನೂ ಆಡಿದವನಲ್ಲ. ಅವನ ಅಜ್ಜ ಆಡಿದ್ದು ಹದಿನಾಲ್ಕನೇ ನಂಬರಿನ ಜೆರ್ಸಿಯಲ್ಲಿ, ಅಪ್ಪ ನೆವಿಲ್ ಆಡಿದ್ದೂ ಅದರಲ್ಲೇ. ಬ್ರಾಡಿ ಟೀವಿಯಲ್ಲಿ ಬರುತ್ತಿದ್ದ, ಲಕ್ಷ ಜನ ಅವನ ಹೆಸರು ಕೂಗುತ್ತಿದ್ದರು, ಆದರೆ ಮನೆಗೆ ಬಂದಾಗಲೆಲ್ಲ ಅವನು ಕೇಳುತ್ತಿದ್ದದ್ದು ಒಂದೇ: ಹದಿನಾಲ್ಕನ್ನು ಈಗ ಯಾರು ಹಾಕಿಕೊಳ್ಳುತ್ತಾರೆ ಅಂತ. ಕೊನೆಗೆ, ಅವನು ಅಲ್ಲಿಂದ ವಾಪಸಾಗುವವರೆಗೆ ಯಾರಿಗೂ ಕೊಡಬಾರದು ಅಂತ ನೆವಿಲ್ ಕಮಿಟಿಯವರ ಜೊತೆ ಜಗಳ ಆಡಿ ಅದನ್ನು ಗಾಜಿನ ಬೀರುವಿನಲ್ಲಿ ಇಡಿಸಿದ್ದ.

ಆಮೇಲೆ ಆ ಚುಚ್ಚುಮದ್ದಿನ ರಾದ್ಧಾಂತ. ಪೋರ್ಟ್‌ಗೇಟ್‌ನವರು ಯಾರೋ ಒಬ್ಬ ವಿಜ್ಞಾನಿಯನ್ನು ತಂದು ಕೂರಿಸಿಕೊಂಡಿದ್ದರು. ಅವನು ಹುಡುಗರನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆಗೆ ಚುಚ್ಚುತ್ತಿದ್ದ. ವಿಟಮಿನ್ ಅಂದರು, ಗಾಯ ಬೇಗ ಮಾಯುತ್ತದೆ ಅಂದರು, ತಂಡಕ್ಕಾಗಿ ಎಲ್ಲರೂ ಅಂದರು. ಅದು ಆಟಗಾರರು ಮುಟ್ಟಬಾರದ ಮದ್ದು ಅಂತ ಆಮೇಲೆ ಬಯಲಾಯಿತು. ಅದೇನು ಅಂತ ನೀನು ಕೇಳಲಿಲ್ಲವೇನೋ ಅಂತ ನೆವಿಲ್ ಮಗನನ್ನು ಹಿಡಿದು ಅಲುಗಾಡಿಸಿದ. ಬ್ರಾಡಿ, ಕೇಳಿದೆ, ಕ್ಲಬ್ಬಿಗೆ ಎಲ್ಲ ಗೊತ್ತು ಅಂದರು, ಕ್ಲಬ್ಬನ್ನು ನಂಬದೆ ಇನ್ಯಾರನ್ನು ನಂಬಲಿ ಅಂದ. ನಾವೇ ಕಲಿಸಿದ್ದು ಅದನ್ನು. ಈ ಊರಿನಲ್ಲಿ ಮಗು ಅಮ್ಮ ಅನ್ನುವ ಮೊದಲು ಕ್ಲಬ್ಬು ಅನ್ನುತ್ತದೆ.

ಕ್ಲಬ್ಬಿಗೆ ದಂಡ ಬಿತ್ತು, ಒಂದು ವರ್ಷ ಫೈನಲ್ಸಿಗೆ ಬರಬೇಡಿ ಅಂದರು. ಅಧ್ಯಕ್ಷ ಕ್ಯಾಮೆರಾ ಮುಂದೆ ಕಣ್ಣೊರೆಸಿಕೊಂಡ. ಕೋಚ್ ಟೀವಿಯಲ್ಲಿ ಕಾಮೆಂಟರಿ ಹೇಳುವ ಕೆಲಸಕ್ಕೆ ಸೇರಿಕೊಂಡ. ವಿಜ್ಞಾನಿ ಉತ್ತರಕ್ಕೆ ಹೋಗಿ ಜಿಮ್ ತೆರೆದ. ಹುಡುಗರಿಗೆ ಮಾತ್ರ ಎರಡು ವರ್ಷ ನಿಷೇಧ. ಚುಚ್ಚಿದವರಿಗೆ ರಜೆ, ಚುಚ್ಚಿಸಿಕೊಂಡವರಿಗೆ ಶಿಕ್ಷೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಿಷೇಧ ಅಂದರೆ ಆಡದೆ ಇರುವುದಷ್ಟೇ ಅಂತ ನಾವು ತಿಳಿದಿದ್ದೆವು. ಅಷ್ಟೇ ಆಗಿರಲಿಲ್ಲ. ಯಾವ ಊರಿನ, ಯಾವ ಕ್ಲಬ್ಬಿನ, ಯಾವ ಕೆಲಸಕ್ಕೂ ಅವನು ಕೈ ಹಾಕುವ ಹಾಗಿರಲಿಲ್ಲ. ಮಕ್ಕಳಿಗೆ ಹೇಳಿಕೊಡುವ ಹಾಗಿಲ್ಲ, ನೀರಿನ ಬಾಟಲಿ ಒಯ್ಯುವ ಹಾಗಿಲ್ಲ. ಎಲ್ಲರ ಹಾಗೆ ಟಿಕೆಟ್ ಕೊಂಡು ಬೇಲಿಯ ಈಚೆ ನಿಂತು ನೋಡಬಹುದು. ಆಚೆ ಕಾಲಿಟ್ಟು ಏನಾದರೂ ಮಾಡಿದರೆ ಶಿಕ್ಷೆ ಮತ್ತೆ ಮೊದಲಿನಿಂದ ಶುರು.

ಅವನು ಊರಿಗೆ ಬಂದ. ಗೋಧಿ ಕಣಜದಲ್ಲಿ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಎದ್ದು ರೈಲು ಕಂಬಿಯ ಪಕ್ಕದ ರಸ್ತೆಯಲ್ಲಿ ಒಬ್ಬನೇ ಓಡುತ್ತಿದ್ದ, ಜೊತೆಗೆ ಯಾರೂ ಓಡಬಾರದು, ಅದೂ ತರಬೇತಿಯ ಲೆಕ್ಕಕ್ಕೆ ಬಂದೀತು ಅಂತ ಭಯ. ನಿಷೇಧದ ಎರಡನೇ ವರ್ಷಕ್ಕೆ ವಯಸ್ಸು ಮೂವತ್ತೊಂದಾಗಿತ್ತು, ಎಡ ಮಂಡಿ ಆಗಲೇ ಎರಡು ಸಲ ಕೊಯ್ಸಿಕೊಂಡದ್ದು. ಆಗಸ್ಟ್ ಕೊನೆಗೆ ನಿಷೇಧ ಮುಗಿಯುತ್ತದೆ, ಸೆಪ್ಟೆಂಬರಿನಲ್ಲಿ ನಮ್ಮ ತಂಡ ಫೈನಲ್ಸ್ ಆಡುತ್ತದೆ. ನನ್ನ ಕೂದಲು ಕಪ್ಪಗಿದ್ದಾಗಿನಿಂದ ನಾವು ಫೈನಲ್ಸ್ ಮುಖ ನೋಡಿರಲಿಲ್ಲ, ಆ ವರ್ಷ ಪಟ್ಟಿಯಲ್ಲಿ ಎರಡನೆಯವರಾಗಿದ್ದೆವು. ಹದಿನಾಲ್ಕು ಹಾಕಿಕೊಂಡು ಒಂದೇ ಒಂದು ಆಟ, ಆಮೇಲೆ ಮಂಡಿ ಮುರಿದರೂ ಪರವಾಗಿಲ್ಲ ಅತ್ತೆ ಅನ್ನುತ್ತಿದ್ದ. ನೆವಿಲ್ ಆ ಜೆರ್ಸಿಯನ್ನು ಬೀರುವಿನಿಂದ ತೆಗೆಸಿ ನನ್ನ ಕೈಯಲ್ಲಿ ಒಗೆಸಿ ಮತ್ತೆ ಒಳಗಿಟ್ಟಿದ್ದ.

ಪ್ರತಿ ಶನಿವಾರ ಬ್ರಾಡಿ ಗೇಟಿನಲ್ಲಿ ದುಡ್ಡು ಕೊಟ್ಟೇ ಒಳಗೆ ಬರುತ್ತಿದ್ದ. ಗೇಟಿನವನು ಬೇಡ ಅಂದರೂ ಕೇಳುತ್ತಿರಲಿಲ್ಲ. ಟಿಕೆಟನ್ನು ಟೋಪಿಗೆ ಸಿಕ್ಕಿಸಿಕೊಂಡು, ಅಪ್ಪನ ಗಾಡಿಯ ಮುಂದೆ ಬೇಲಿಗೆ ಮೊಣಕೈ ಊರಿ ನಿಲ್ಲುತ್ತಿದ್ದ. ನೆವಿಲ್ ಗಾಡಿ ನಿಲ್ಲಿಸುವ ಜಾಗ ಅವರಪ್ಪನ ಕಾಲದಿಂದಲೂ ಒಂದೇ, ರೈಲು ಕಂಬಿ ಕಡೆಯ ಗೋಲಿನ ಹಿಂದೆ.

ಜುಲೈ ಕೊನೆಯ ಶನಿವಾರ ಬೆಳಿಗ್ಗೆ ಹನ್ನೆರಡು ವರ್ಷದೊಳಗಿನ ಮಕ್ಕಳ ಆಟ ನಡೆದಿತ್ತು. ನಮ್ಮ ಕಡೆ ಜುಲೈ ಅಂದರೆ ಚಳಿಗಾಲ, ಮಂಜು ಇನ್ನೂ ಹುಲ್ಲು ಬಿಟ್ಟಿರಲಿಲ್ಲ. ಆ ಕಡೆಯ ಗೋಲಿಗೆ ಮುದುಕ ಆರ್ಚಿ ಕ್ವಿಬೆಲ್ ಅಂಪೈರು. ಆರ್ಚಿಗೆ ಸಕ್ಕರೆ ಕಾಯಿಲೆ, ತಿಂಡಿ ತಿನ್ನದೆ ಬಂದಿದ್ದನಂತೆ. ಮೂರನೇ ಕ್ವಾರ್ಟರಿನಲ್ಲಿ ಕಾಲು ಕುಸಿದು ಕಂಬಕ್ಕೆ ಒರಗಿ ಕೂತುಬಿಟ್ಟ. ಟೀಚರಮ್ಮ ಜ್ಯೂಸು ಹಿಡಿದು ಓಡಿದಳು. ಚೆಂಡು ಆ ಕಡೆಗೇ ಬರುತ್ತಿತ್ತು. ಆರ್ಚಿ ಕೂತಲ್ಲಿಂದಲೇ ಬಾವುಟಗಳನ್ನು ಬೇಲಿಯ ಕಡೆ ಚಾಚಿದ, ಯಾರ ಕಡೆ ಅಂತ ಅವನೂ ನೋಡಲಿಲ್ಲ. ಬ್ರಾಡಿ ಒಂದು ಕೈ ಊರಿ ಬೇಲಿ ಹಾರಿದ.

ಅವನು ಯೋಚಿಸಲಿಲ್ಲ. ಯೋಚಿಸಿ ಹಾರುವವನು ಯಾರಂಬುಲ್‌ನವನೇ ಅಲ್ಲ. ಕ್ಯಾಂಟೀನಿನ ಕಿಟಕಿಯಿಂದ ನಾನೂ ನೋಡುತ್ತಿದ್ದೆ, ನನಗೂ ಹೊಳೆಯಲಿಲ್ಲ. ಕೋಟು ಅವನಿಗೆ ಗಿಡ್ಡವಾಗಿತ್ತು. ಟೆಗನ್ ಬೌಚರಳ ಮಗ ಜೆಡ್, ಅರೆಪಾವು ಹುಡುಗ, ಅದುವರೆಗೆ ಒಂದು ಗೋಲನ್ನೂ ಹೊಡೆದವನಲ್ಲ, ಕಣ್ಣು ಮುಚ್ಚಿ ಒದ್ದ. ಚೆಂಡು ಕುಂಟುತ್ತಾ ಕುಂಟುತ್ತಾ ನಡುವೆ ನುಸುಳಿತು. ಬ್ರಾಡಿ ಎರಡೂ ಕೈಯ ತೋರುಬೆರಳು ಮುಂದೆ ಚಾಚಿ ಗೋಲು ಅಂತ ತೋರಿಸಿ, ದೊಡ್ಡ ಫೈನಲ್ಲಿನಲ್ಲಿ ಮಾಡುವ ಹಾಗೆ ಬಾವುಟ ಬೀಸಿದ. ಕಾರುಗಳೆಲ್ಲ ಹಾರನ್ ಹೊಡೆದವು. ಅವನು ನಗುತ್ತಿದ್ದ. ಊರಿಗೆ ಬಂದಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೆವಿಲ್ ಚಹಾದ ಲೋಟ ಹಿಡಿದು ನನ್ನ ಕಿಟಕಿಯಿಂದ ವಾಪಸು ಹೋಗುತ್ತಿದ್ದವನು ನಿಂತುಬಿಟ್ಟ. ಚಹಾ ಅವನ ಶೂ ಮೇಲೆ ಚೆಲ್ಲಿತು. ಬೇಲಿಯ ತನಕ ನಡೆದು ಹೋಗಿ, ಸಣ್ಣ ದನಿಯಲ್ಲಿ, "ಬ್ರಾಡಿ, ಈಚೆ ಬಾ ಮಗಾ" ಅಂದ. ಬ್ರಾಡಿ ತನ್ನ ಕೈಯಲ್ಲಿದ್ದ ಬಾವುಟಗಳನ್ನು ನೋಡಿಕೊಂಡ. ಅವನ ಮುಖದಿಂದ ನಗು ಹೋದ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ.

ಯಾರೂ ಬಾಯಿ ಬಿಡದಿದ್ದರೆ ಮುಗಿದುಹೋಗುತ್ತಿತ್ತು. ಕೇಡು ಬಯಸಿ ಯಾರೂ ಬಾಯಿ ಬಿಡಲೂ ಇಲ್ಲ. ಟೆಗನ್ ತನ್ನ ಮಗನ ಮೊದಲ ಗೋಲನ್ನು ಫೋನಿನಲ್ಲಿ ಹಿಡಿದಿದ್ದಳು. ನೋಡಿ, ನಮ್ಮ ಜೆಡ್‌ಗೆ ಬಾವುಟ ಬೀಸಿದ್ದು ಯಾರು ಅಂತ ಹೆಮ್ಮೆಯಿಂದ ಇಂಟರ್ನೆಟ್ಟಿಗೆ ಹಾಕಿದಳು. ಯಾರೋ ಹೇಳಿದ ಮೇಲೆ ಅಳುತ್ತಾ ಅಳಿಸಿದಳು. ಅಷ್ಟರಲ್ಲಿ ಅದು ಪಟ್ಟಣ ಮುಟ್ಟಿ, ಸೋಮವಾರದ ಪೇಪರಿನಲ್ಲಿ ಫೋಟೋ ಆಗಿ ವಾಪಸು ಬಂತು. ವಿಚಾರಣೆಗೆ ಗುರುವಾರ ಬರುತ್ತೇವೆ ಅಂತ ನಿಷೇಧದ ಕಚೇರಿಯಿಂದ ಫೋನು.

ಬುಧವಾರ ಸಂಜೆ ಕ್ಲಬ್ಬಿನ ಕೋಣೆಯಲ್ಲಿ ಊರೇ ಸೇರಿತು. ಕಾರ್ಯದರ್ಶಿ ರಸ್ ಹಾಪ್‌ಗುಡ್ ಉಪಾಯ ಹೂಡಿದ್ದ. ಫೋಟೋದಲ್ಲಿ ಟೋಪಿ ಕಣ್ಣಿನ ತನಕ ಇಳಿದಿದೆ, ಕೋಟಿನ ಕಾಲರ್ ಎದ್ದಿದೆ, ಮುಖ ಅರ್ಧವೂ ಕಾಣುವುದಿಲ್ಲ. ಅಪ್ಪ ಮಗ ಒಂದೇ ಎತ್ತರ, ಒಂದೇ ಭುಜ. ಬಾವುಟ ಹಿಡಿದದ್ದು ನೆವಿಲ್ ಅಂತ ಎಲ್ಲರೂ ಹೇಳುವುದು. ಟೆಗನ್ ತಾನು ತಪ್ಪು ತಿಳಿದೆ ಅನ್ನುವುದು. ಆರ್ಚಿ ತಲೆ ಆಡಿಸಿದ. ಪಾದ್ರಿ ನೆಲ ನೋಡುತ್ತಾ ತಲೆ ಆಡಿಸಿದರು. ಎಲ್ಲರಿಗಿಂತ ಮೊದಲು ಹೂಂ ಅಂದವಳು ನಾನು, ಅದಕ್ಕೆ ನನಗೆ ಇವತ್ತಿಗೂ ಒಂದಿಷ್ಟೂ ನಾಚಿಕೆಯಿಲ್ಲ.

ಬ್ರಾಡಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದ. ಕ್ಲಬ್ಬಿನ ಸಭೆಗೂ ಅವನು ಬರುವಂತಿರಲಿಲ್ಲ ನೋಡಿ. ಅಲ್ಲಿಂದಲೇ ಮಾತಾಡಿದ.

"ಬೇಡ. ಅದು ನಾನೇ ಅಂತ ಹೇಳ್ತೀನಿ."

"ತಲೆ ಕೆಟ್ಟಿದ್ಯೇನೋ?" ಅಂದ ಹಾಪ್‌ಗುಡ್. "ಇನ್ನೊಂದು ತಿಂಗಳು. ಒಂದೇ ತಿಂಗಳು ಬಾಯಿ ಮುಚ್ಕೊಂಡಿರು, ಸಾಕು."

"ಅಲ್ಲಿ ಏನು ಚುಚ್ಚಿದ್ರು ಅಂತ ನಂಗೊತ್ತಿರಲಿಲ್ಲ ಅಂತ ಎಷ್ಟು ಬಡ್ಕೊಂಡ್ರೂ ಯಾರೂ ನಂಬ್ಲಿಲ್ಲ, ರಸ್. ಮೋಸಗಾರ ಅಂದ್ರು. ಅಲ್ಲ ಅಂತ ನನಗೊಬ್ಬನಿಗೆ ಗೊತ್ತಿತ್ತು, ಅಷ್ಟರ ಮೇಲೇ ಇಷ್ಟು ದಿನ ಬದುಕಿದೀನಿ. ಈಗ ನಮ್ಮಪ್ಪನ ಹೆಸರು ಹೇಳಿ ತಪ್ಪಿಸ್ಕೊಂಡ್ರೆ ಅದೂ ಹೋಗುತ್ತೆ. ಆಮೇಲೆ ಯಾವ ಮುಖ ಇಟ್ಕೊಂಡು ಆ ಜೆರ್ಸಿ ಹಾಕ್ಲಿ?"

ನೆವಿಲ್ ಎದ್ದು ಮಗನ ಹತ್ತಿರ ಹೋದ. "ನಾನು ಹೇಳ್ತೀನಿ ಅಂತಿದೀನಲ್ಲೋ, ನಿಂಗೇನು? ಸುಳ್ಳು ನಂದು" ಅಂದ. ಅಣ್ಣ ಹಾಗೆ ಬೇಡಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬ್ರಾಡಿ ಅಪ್ಪನ ತೋಳು ಮುಟ್ಟಿ, ಮೆಟ್ಟಿಲಿಳಿದು ಹೋದ.

ಗುರುವಾರ ಬಿಳಿ ಕಾರಿನಲ್ಲಿ ಇಬ್ಬರು ಬಂದರು, ಮರ್ಯಾದಸ್ಥ ಹುಡುಗರು, ನನ್ನ ಪೈ ತಿಂದು ಚೆನ್ನಾಗಿದೆ ಅಂದರು. ಬ್ರಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಿಜ ಹೇಳಿದ್ದಕ್ಕೆ ಏನಾದರೂ ಕಡಿಮೆ ಮಾಡಿಯಾರು ಅಂತ ನಾನು ಪೆದ್ದಿಯ ಹಾಗೆ ಆಸೆಪಟ್ಟೆ. ಆಗಸ್ಟಿನಲ್ಲಿ ತೀರ್ಮಾನ ಬಂತು. ಇನ್ನೂ ಎರಡು ವರ್ಷ. ಮೂವತ್ತಮೂರಕ್ಕೆ, ಆ ಮಂಡಿ ಇಟ್ಟುಕೊಂಡು, ಇನ್ನೆಲ್ಲಿಯ ಆಟ.

ಅದು ಸಾಲದು ಅಂತ ಜಿಲ್ಲಾ ಲೀಗಿನವರು ನಿಷೇಧಿತನನ್ನು ಅಂಪೈರ್ ಮಾಡಿದಿರಿ ಅಂತ ನಮ್ಮ ಕ್ಲಬ್ಬಿನ ಅಂಕ ಕಿತ್ತುಕೊಂಡರು. ಮಕ್ಕಳ ಆಟವಾದರೇನು, ಕ್ಲಬ್ಬು ಒಂದೇ ಅಂದರು. ದೊಡ್ಡವರ ತಂಡ ಎರಡನೇ ಜಾಗದಿಂದ ಕೆಳಗೆ ಬಿದ್ದು ಫೈನಲ್ಸಿನಿಂದ ಹೊರಗಾಯಿತು. ಪೋರ್ಟ್‌ಗೇಟ್‌ಗೆ ಬಿದ್ದ ಶಿಕ್ಷೆಯೇ ನಮಗೂ ಬಿತ್ತು, ಒಂದೆರಡು ಬಾವುಟ ಬೀಸಿದ್ದಕ್ಕೆ. ಇನ್ನು ಮುಂದೆ ಲೀಗಿನ ತರಗತಿಗೆ ಹೋಗಿ ಹೆಸರು ಬರೆಸಿದವರು ಮಾತ್ರ ಬಾವುಟ ಮುಟ್ಟಬೇಕು, ಇಲ್ಲದಿದ್ದರೆ ಮತ್ತೆ ಅಂಕ ಹೋದೀತು ಅಂತ ಎಚ್ಚರಿಕೆಯನ್ನೂ ಕೊಟ್ಟರು.

ಊರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಗೆ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಹಾಪ್‌ಗುಡ್ ಒಬ್ಬನೇ ಎದುರಿಗೆ ಹೇಳಿದ್ದು, ಕಣಜದ ತೂಕದ ಕಟ್ಟೆಯ ಹತ್ತಿರ, ನಾನೂ ಅಲ್ಲೇ ಇದ್ದೆ.

"ನಿನಗೋಸ್ಕರ ಸುಳ್ಳು ಹೇಳೋಕೆ ಇಡೀ ಊರು ರೆಡಿ ಇತ್ತು. ನಮಗೋಸ್ಕರ ನಿಂಗೆ ಒಂದು ಹೇಳೋಕಾಗ್ಲಿಲ್ಲ."

ಬ್ರಾಡಿ ಮುಂದಿನ ಲಾರಿಯನ್ನು ತೂಕಕ್ಕೆ ಕರೆದ. ಅದಕ್ಕೆ ಉತ್ತರ ಇದೆಯೇ ಅಂತ ನಾನೂ ಬಹಳ ಯೋಚಿಸಿದ್ದೇನೆ. ಒಂದೊಂದು ದಿನ ಅವನು ದೊಡ್ಡ ಮನುಷ್ಯ ಅನ್ನಿಸುತ್ತದೆ. ಇನ್ನೊಂದೊಂದು ದಿನ, ನೆವಿಲ್ ಅಡಿಗೆಮನೆಯಲ್ಲಿ ರೇಡಿಯೋ ಹಾಕದೆ ಸುಮ್ಮನೆ ಕೂತಿರುವುದನ್ನು ನೋಡಿದಾಗ, ಈ ಹಟಮಾರಿಯ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ. ಮುಂದಿನ ವರ್ಷ ಹದಿನಾಲ್ಕನ್ನು ಹೊರ ಊರಿನಿಂದ ಬಂದ ಮೆಕ್ಯಾನಿಕ್ ಒಬ್ಬನಿಗೆ ಕೊಟ್ಟರು. ಒಳ್ಳೆ ಹುಡುಗ, ಅವನ ಮೇಲೆ ನನಗೇನೂ ಸಿಟ್ಟಿಲ್ಲ.

ಬ್ರಾಡಿ ಮೈದಾನಕ್ಕೆ ಬರುವುದನ್ನು ಬಿಟ್ಟ. ಶನಿವಾರ ಗಾಡಿಯನ್ನು ರೈಲು ಕಂಬಿಯ ಆ ಕಡೆ, ನೀಲಗಿರಿ ಮರಗಳ ಕೆಳಗೆ ನಿಲ್ಲಿಸಿ ಒಳಗೇ ಕೂರುತ್ತಾನೆ. ಅಲ್ಲಿಂದ ಏನೂ ಕಾಣುವುದಿಲ್ಲ, ಹಾರನ್ ಕೇಳಿಸುತ್ತದೆ. ಹಾರನ್ ಎಣಿಸಿ ಯಾರು ಮುಂದೆ ಯಾರು ಹಿಂದೆ ಅಂತ ಹೇಳಿಬಿಡುತ್ತಾನೆ, ನಮ್ಮ ಕಾರುಗಳ ದನಿ ಅವನಿಗೆ ಗುರುತು. ಸಂಜೆ ನಾನು ಉಳಿದ ಪೈಗಳನ್ನು ತೆಗೆದುಕೊಂಡು ಹೋಗಿ ಕೊಡುತ್ತೇನೆ.

ಹೋದ ಶನಿವಾರ ಮಕ್ಕಳ ಆಟದ ಮೂರನೇ ಕ್ವಾರ್ಟರಿನಲ್ಲಿ ಬೆಂಕಿ ಪಡೆಯ ಸೈರನ್ ಕೂಗಿತು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ರೈಲು ಕಂಬಿ ಕಡೆಯ ಗೋಲಿನ ಅಂಪೈರು ಬೆಂಕಿ ಪಡೆಯವನೇ, ಬಾವುಟಗಳನ್ನು ಕಂಬಕ್ಕೆ ಒರಗಿಸಿ, ಕೋಟು ಬಿಚ್ಚಿ ಎಸೆದು ಓಡಿದ. ಮಕ್ಕಳಿಗೆ ಅದೆಲ್ಲ ಎಲ್ಲಿ ಗೊತ್ತು, ಆಡುತ್ತಲೇ ಇದ್ದರು. ಒಂದು ಪುಟ್ಟ ಹುಡುಗಿ, ಈ ವರ್ಷವೇ ಸೇರಿದವಳು, ಓಡುತ್ತಾ ಬಂದು ಒದ್ದಳು. ಚೆಂಡು ನಡು ಮಧ್ಯದಲ್ಲಿ ಹೋಯಿತು, ಕುರುಡನೂ ಗೋಲು ಅನ್ನಬೇಕು, ಹಾಗೆ.

ಹುಡುಗಿ ಕೈ ಎರಡೂ ಮೇಲೆತ್ತಿ ಬಾವುಟದ ಕಡೆ ನೋಡಿದಳು. ಆಮೇಲೆ ನಮ್ಮ ಕಡೆ ನೋಡಿದಳು. ಬೇಲಿಯ ಉದ್ದಕ್ಕೂ ಜನ ಇದ್ದರು. ಪಾದ್ರಿ ಇದ್ದರು, ಪಬ್ಬಿನ ಯಜಮಾನ ಇದ್ದ, ಹಾಪ್‌ಗುಡ್ ಇದ್ದ. ಲೀಗಿನ ತರಗತಿಗೆ ಹೋಗಿ ಹೆಸರು ಬರೆಸಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ನಾನು ಸಾಸಿನ ಬಾಟಲಿ ಹಿಡಿದು ಕಿಟಕಿಯಲ್ಲಿ ನಿಂತಿದ್ದೆ, ನನ್ನ ಕಾಲೂ ಏಳಲಿಲ್ಲ. ಒಂದು ಹಾರನ್ ಇಲ್ಲ. ಮೈದಾನದ ನಡುವೆ ಆಟ ನಡೆಸುವ ಅಂಪೈರು ಬೇಲಿಯ ಕಡೆ ಬಂದು ಯಾರಾದರೂ ಬನ್ನಿ ಅಂತ ಕರೆದ, ಮತ್ತೊಮ್ಮೆ ಕರೆದ, ಕೊನೆಗೆ ಆಟವನ್ನೇ ನಿಲ್ಲಿಸಿದ. ಹುಡುಗಿ ಕೈ ಇಳಿಸಿ ಅಳುತ್ತಾ ಅವಳಮ್ಮನ ಹತ್ತಿರ ಹೋದಳು.

ಸಂಜೆ ಪೈ ತೆಗೆದುಕೊಂಡು ಕಂಬಿ ದಾಟಿ ಹೋದೆ. ಬ್ರಾಡಿ ಗಾಡಿಯ ಬಾಗಿಲು ತೆಗೆದು ನನಗೆ ಜಾಗ ಮಾಡಿಕೊಟ್ಟ.

"ಬೆಳಿಗ್ಗೆ ಮಕ್ಕಳ ಆಟ ಬೇಗ ಮುಗೀತಲ್ಲ" ಅಂದ. "ಕೊನೇಲಿ ಒಂದು ಒದೆ ಕೇಳಿಸ್ತು, ಒಳ್ಳೆ ಒದೆ, ಪಾದದ ಸರಿಯಾದ ಜಾಗಕ್ಕೆ ಬಿದ್ದಿತ್ತು. ಆಮೇಲೆ ಹಾರನ್ನೇ ಇಲ್ಲ. ಗೋಲಾಗ್ಲಿಲ್ವಾ ಅತ್ತೆ?"

"ಇಲ್ಲ ಕಣೋ" ಅಂದೆ. "ಸ್ವಲ್ಪದರಲ್ಲಿ ತಪ್ಪಿಹೋಯ್ತು."

"ಪಾಪ" ಅಂದು ಅವನು ಪೈ ಬಿಚ್ಚಿದ.